ಮೊದಲ ಕೂಗಿಗೇ ಒಪ್ಪಿದವರು

ಹಾಸ್ಟೆಲ್, ರೂಮ್ ನಂಬರ್ 14, ಮಂಗಳೂರು
18 ಆಗಸ್ಟ್ 2024, ಭಾನುವಾರ

ಪುಟ್ಟಲಿಂಗಯ್ಯ ಮೇಷ್ಟ್ರಿಗೆ, ನಿಮ್ಮ ಹಳೇ ವಿದ್ಯಾರ್ಥಿನಿ ಅನು ಮಾಡುವ ನಮಸ್ಕಾರ.

ಸರ್, ಗುರುತು ಸಿಕ್ಕಿತಾ? ಮುದ್ದನದೊಡ್ಡಿ ಶಿವರಾಜು ಮಗಳು. ನಿಮ್ಮ ಶಾಲೆಯಲ್ಲಿ ಐದನೇ ಕ್ಲಾಸ್ ಮುಗಿಸಿ ಹಾಸ್ಟೆಲ್ ಶಾಲೆಗೆ ಹೋದೆ, ಆಮೇಲೆ ರಜೆಗೆ ಮಾತ್ರ ಊರು. ಈಗ ಇಲ್ಲಿ ಸಮಾಜಕಾರ್ಯ ಡಿಗ್ರಿ, ಫಸ್ಟ್ ಇಯರ್. ಫೋನ್ ಮಾಡಬಹುದಿತ್ತು. ಆದರೆ ನಮ್ಮ ಫೋನುಗಳನ್ನು ವಾರ್ಡನ್ ಬೀರುವಿನಲ್ಲಿ ಇಟ್ಟು ಭಾನುವಾರ ಒಂದು ಗಂಟೆ ಮಾತ್ರ ಕೊಡುತ್ತಾರೆ. ಆ ಗಂಟೆಯಲ್ಲಿ ಮುಕ್ಕಾಲು ಪಾಲು ಅಜ್ಜಿಗೇ ಹೋಗುತ್ತದೆ. ಅಲ್ಲದೆ ನೀವು ಫೋನಿನಲ್ಲಿ "ಹಾಂ, ಹಾಂ, ಇಡ್ಲಾ" ಅಂದು ಮುಗಿಸಿಬಿಡುತ್ತೀರಿ ಅಂತ ಅಪ್ಪ ಹೇಳಿದ್ದರು.

ವಿಷಯಕ್ಕೆ ಬರುತ್ತೇನೆ. ನಮಗೆ ವರ್ಷಪೂರ್ತಿಯ ಪ್ರಾಜೆಕ್ಟ್ ಒಂದಿದೆ: ಒಂದು ಸರ್ಕಾರಿ ಶಾಲೆಗೂ ಅದರ ಸುತ್ತಲಿನ ಉದ್ಯಮಗಳಿಗೂ ಸಂಬಂಧ ಕಟ್ಟಬೇಕು. ಬೇರೆಯವರೆಲ್ಲ ಇಲ್ಲೇ ಸಿಟಿಯ ಶಾಲೆ ಹಿಡಿದಿದ್ದಾರೆ. ನಾನು ನಮ್ಮ ಶಾಲೆಯ ಹೆಸರು ಕೊಟ್ಟುಬಿಟ್ಟೆ. ಮುಂದಿನ ಜೂನಿಗೆ ಏಳು ಮಕ್ಕಳು ವ್ಯಾನ್ ಹತ್ತಿ ಪ್ರೈವೇಟ್ ಶಾಲೆಗೆ ಹೋಗುತ್ತಾರಂತೆ, ಇಂಗ್ಲಿಷ್ ಇಲ್ಲ ಅನ್ನುವ ಒಂದೇ ಕಾರಣಕ್ಕೆ. ಇರುವುದೇ ಹದಿನೇಳು. ಹತ್ತು ಉಳಿದರೆ ನಮ್ಮ ಶಾಲೆಯನ್ನು ಅಕ್ಕೂರಿನದಕ್ಕೆ ಸೇರಿಸಿಬಿಡುತ್ತಾರೆ ಅಂತ ಅಜ್ಜಿ ಹೇಳಿದಳು. ಅವಳು ಹೇಳಿದ್ದರಲ್ಲಿ ಅರ್ಧ ಸುಳ್ಳಿರುತ್ತದೆ, ಉಳಿದರ್ಧವೂ ಸಾಕು ನನಗೆ ಹೆದರಿಕೆ ಆಗಲು.

ಅದಕ್ಕೆ ರಾಮನಗರ, ಚನ್ನಪಟ್ಟಣದ ಹತ್ತು ಜನ ವ್ಯಾಪಾರಸ್ಥರಿಗೆ ಕಾಗದ ಬರೆದಿದ್ದೇನೆ. ಗೊಂಬೆ ಕಾರ್ಖಾನೆ, ಅಕ್ಕಿ ಗಿರಣಿ, ಬೇಕರಿ, ಗ್ರಾನೈಟ್ ಪಾಲಿಶ್, ರೇಷ್ಮೆ ನೂಲು ತೆಗೆಯುವವರು. ಬೆಂಚು, ಬಣ್ಣ ಏನೂ ಬೇಡ, ಒಬ್ಬ ಇಂಗ್ಲಿಷ್ ಟೀಚರ್ ಕೊಡಿಸಿ ಅಂತ ಕೇಳಿದ್ದೇನೆ. ನಿಮ್ಮನ್ನು ಮೊದಲು ಕೇಳಬೇಕಿತ್ತು. ಕೇಳಿದ್ದರೆ ಬೇಡ ಅನ್ನುತ್ತಿದ್ದಿರಿ ಅಂತ ಭಯ. ಈಗಲೂ ಬೇಡ ಅನ್ನಬಹುದು, ಆದರೆ ಕಾಗದಗಳು ಹೋಗಿಬಿಟ್ಟಿವೆ.

ಸಾರಿ ಸರ್.
ಅನು

*

ಮುದ್ದನದೊಡ್ಡಿ
27 ಆಗಸ್ಟ್ 2024

ಅನುಗೆ,

ಗುರುತು ಸಿಗದೆ ಏನು? ಉತ್ತರ ಬರೆದ ಮೇಲೆ ನಾಲ್ಕು ಸಲ ಅಳಿಸಿ, ಮೊದಲು ಬರೆದದ್ದನ್ನೇ ಮತ್ತೆ ಬರೆಯುತ್ತಿದ್ದವಳು ನೀನು. ನಿನ್ನ ಕಾಗದದಲ್ಲೂ ಅದೇ ಗುರುತು ಇದೆ.

ನಿನ್ನ ಪತ್ರ ಬಂದದ್ದು ಶನಿವಾರ. ಅದಕ್ಕಿಂತ ಎರಡು ದಿನ ಮೊದಲೇ ನೀನು ಕಾಗದ ಬರೆದವರಲ್ಲಿ ಒಬ್ಬರು ಬಂದು ಹೋದರು. ನಾನು ಮೂರನೇ ಕ್ಲಾಸಿಗೆ ಭಾಗಾಕಾರ ಹೇಳುತ್ತಿದ್ದೆ. ಸ್ಕೂಟರಿನಿಂದ ಇಳಿದು ಬಾಗಿಲಲ್ಲೇ ನಿಂತರು. ರಾಮನಗರದ ತಾಜ್ ಪಾಷಾ, ಗೂಡಿನಿಂದ ರೇಷ್ಮೆ ನೂಲು ತೆಗೆಯುವ ಫಿಲೇಚರ್ ಇಟ್ಟಿದ್ದಾರಲ್ಲ, ಅವರು. ನಮ್ಮ ದೊಡ್ಡಿಯವರ ರೇಷ್ಮೆಗೂಡನ್ನು ಮಾರ್ಕೆಟ್ಟಿನಲ್ಲಿ ವರ್ಷಗಳಿಂದ ಕೊಳ್ಳುವ ಮನುಷ್ಯ. ಕೈಯಲ್ಲಿ ನಿನ್ನ ಕಾಗದ.

"ಮೇಷ್ಟ್ರೇ, ಅನು ಅಂದ್ರೆ ಯಾರು, ಆಫೀಸರಾ?"

"ಶಿವರಾಜು ಮಗಳು" ಅಂದೆ.

"ಯಾವ ಶಿವರಾಜು? ಬಿಳೀ ಗೂಡು ತರ್ತಾನಲ್ಲ, ಅವನಾ? ಆ ಮನುಷ್ಯ ಬಾಯಿ ತೆಗ್ದಿದ್ದೇ ನಾನು ನೋಡಿಲ್ಲ. ಮಗಳು ನಾಲ್ಕು ಪೇಜ್ ಬರೀತಾಳಾ?"

ಆಮೇಲೆ ಕೂತು ನೀರು ಕುಡಿದರು. ತಾವು ಓದಿದ್ದು ಆರನೇ ಕ್ಲಾಸಂತೆ. ತಂಗಿಯ ಮಗಳು ಕೆಹಕಶಾನ್ ಇಂಗ್ಲಿಷ್‌ನಲ್ಲಿ ಬಿ.ಎ. ಮಾಡಿ ಮನೆಯಲ್ಲಿದ್ದಾಳೆ, ವಾರಕ್ಕೆ ಮೂರು ದಿನ ಕಳಿಸುತ್ತೇನೆ, ಅವಳ ಸಂಬಳ ನನ್ನ ಫಿಲೇಚರಿನಿಂದ ಅಂದರು. "ನಿಮ್ ದೊಡ್ಡಿ ಗೂಡಿಂದ ಎಷ್ಟು ವರ್ಷದಿಂದ ಊಟ ಮಾಡ್ತಿದೀನಿ. ಮಕ್ಳಿಗೆ ಒಬ್ಳು ಮಿಸ್ ಕೊಡಕ್ಕಾಗಲ್ವಾ?" ಅಂದರು. ಮಾತಿನಲ್ಲಿ ಕಪಟ ಕಾಣಲಿಲ್ಲ.

ಉಳಿದ ಒಂಬತ್ತು ಜನರ ಸುದ್ದಿ ಇಲ್ಲ. ಬೇಕರಿಯವನು ಮಾತ್ರ ಒಂದು ಡಬ್ಬ ಬನ್ನು ಕಳಿಸಿದ್ದ.

ಬಾಯಿಮಾತಿನಲ್ಲಿ ಶುರುವಾದದ್ದು ಬಾಯಿಮಾತಿನಲ್ಲೇ ನಿಂತುಹೋಗುತ್ತದೆ. ಒಂದು ಒಪ್ಪಂದ ಬರೆದು ಕಳಿಸು. ಹುಷಾರಾಗಿ ಬರಿ. ಎಸ್‌ಡಿಎಂಸಿಯ, ಅಂದರೆ ಶಾಲಾ ಸಮಿತಿಯ, ಮೀಟಿಂಗಿನಲ್ಲಿ ತಾಯಿ ತಂದೆಯರ ಎದುರು ಓದಿ, ಸಹಿ ಹಾಕಿಸುತ್ತೇನೆ.

ಪುಟ್ಟಲಿಂಗಯ್ಯ

*

ಮಂಗಳೂರು
5 ಸೆಪ್ಟೆಂಬರ್ 2024

ಸರ್,

ಶಿಕ್ಷಕರ ದಿನದ ಶುಭಾಶಯ. ಇವತ್ತೇ ಪೋಸ್ಟ್ ಮಾಡಬೇಕು ಅಂತ ಕ್ಲಾಸ್ ಬಿಟ್ಟು ಬರೆಯುತ್ತಿದ್ದೇನೆ. ಅಟೆಂಡೆನ್ಸ್ ಹೋಯಿತು, ಇರಲಿ.

ಒಪ್ಪಂದ ಜೊತೆಯಲ್ಲಿದೆ. ಎಂಟು ಕಲಮು. ವಾರಕ್ಕೆ ಎಷ್ಟು ದಿನ, ಎಷ್ಟು ಹೊತ್ತು, ಮಿಸ್ ಬರದಿದ್ದರೆ ಯಾರು ಹೇಳಬೇಕು, ಎಲ್ಲ ಇದೆ. ಹೇಗೆ ಬರೆಯಬೇಕೆಂದು ಗೊತ್ತಿರಲಿಲ್ಲ. ನಮ್ಮ ಹಾಸ್ಟೆಲ್ ಶಾಲೆಯ ಹಳೇ ಫಾರಂ ನನ್ನ ಟ್ರಂಕಿನಲ್ಲಿತ್ತು, ಅದನ್ನು ನೋಡಿ ಕೆಲವು ಸಾಲು ತೆಗೆದುಕೊಂಡೆ. ಸರ್ಕಾರಿ ಕನ್ನಡದ ಹಾಗೆ ಕಾಣಿಸಲಿ ಅಂತ "ತಕ್ಕದ್ದು" ಬಹಳ ಸಲ ಹಾಕಿದ್ದೇನೆ. ಜಾಸ್ತಿಯಾಯಿತೇ? ಜಾಸ್ತಿಯಾದರೆ ಒಂದೆರಡು ಹೊಡೆದುಹಾಕಿ.

ಪಾಷಾ ಅವರು ಮನಸ್ಸು ಬದಲಿಸಿಲ್ಲ ತಾನೇ? ಮೀಟಿಂಗ್ ಯಾವತ್ತು? ಅಪ್ಪ ಬರುತ್ತಾರಾ? ಬಂದರೆ ಹಿಂದಿನ ಸಾಲಿನಲ್ಲಿ ಕೂರುತ್ತಾರೆ, ಮುಂದೆ ಕೂರಿಸಿ.

ಅನು

*

ಮುದ್ದನದೊಡ್ಡಿ
23 ಸೆಪ್ಟೆಂಬರ್ 2024

ಅನುಗೆ,

ಕೆಲಸ ಆಯಿತು. ಮೀಟಿಂಗಿಗೆ ಹದಿನಾಲ್ಕು ಮನೆಯವರು ಬಂದಿದ್ದರು. ಎಂಟೂ ಕಲಮು ಗಟ್ಟಿಯಾಗಿ ಓದಿದೆ. ನಿಮ್ಮಜ್ಜಿ ಸಿದ್ದಮ್ಮ ಕರೆಯದಿದ್ದರೂ ಬಂದು ಕಂಬಕ್ಕೆ ಒರಗಿ ಕೂತಿದ್ದರು. "ಇದ್ನೆಲ್ಲ ನಮ್ ಅನು ಮಗ ಬರೆದೈತಾ? ಒಸಿ ಇನ್ನೊಂದ್ಸಲ ಓದಿ ಮೇಷ್ಟ್ರೇ" ಅಂದರು. ಅವರಿಗಾಗಿ ಎರಡನೇ ಸಲ ಓದಿದೆ. ಶಿವರಾಜು ಮುಂದೆಯೇ ಕೂತಿದ್ದ. ಮೊದಲ ಸಹಿ ಅವನದು. ಪೆನ್ನು ಗಟ್ಟಿಯಾಗಿ ಒತ್ತಿ ಹಾಕಿದ್ದಾನೆ, ಕೆಳಗಿನ ಹಾಳೆಯಲ್ಲೂ ಅಚ್ಚು ಬಿದ್ದಿದೆ.

ಕೆಹಕಶಾನ್ ಸೋಮವಾರ, ಬುಧವಾರ, ಶುಕ್ರವಾರ ಬರುತ್ತಾರೆ. ರಾಮನಗರದಿಂದ ಚನ್ನಪಟ್ಟಣ, ಅಲ್ಲಿಂದ ಅಕ್ಕೂರಿನ ಬಸ್ಸು, ಕೊನೆಯ ಒಂದೂವರೆ ಮೈಲಿ ನಡಿಗೆ. ಮೊದಲ ದಿನ ಒಂದು ಮಗುವೂ ಬಾಯಿ ಬಿಡಲಿಲ್ಲ. ಅವರು ಪಾಠ ಬಿಟ್ಟು ಮಕ್ಕಳನ್ನು ಹಿಪ್ಪುನೇರಳೆ ತೋಟಕ್ಕೆ ಕರೆದುಕೊಂಡು ಹೋಗಿ, "ಇದಕ್ಕೆ ನೀವು ಏನಂತೀರಿ, ನಾನು ಏನಂತೀನಿ" ಅಂತ ಶುರುಮಾಡಿದರು. ವಾಪಸ್ಸು ಬರುವಷ್ಟರಲ್ಲಿ ಎಲ್ಲ ಕೂಗಾಡುತ್ತಿದ್ದವು. ನನ್ನ ಭಾಗಾಕಾರಕ್ಕೆ ಇಷ್ಟು ಗದ್ದಲ ಎಂದೂ ಆಗಿರಲಿಲ್ಲ. ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಏಳರಲ್ಲಿ ನಾಲ್ಕು ಮನೆಯವರು ವ್ಯಾನಿನ ಮಾತು ಬಿಟ್ಟಿದ್ದಾರೆ.

ಪುಟ್ಟಲಿಂಗಯ್ಯ

*

ಮಂಗಳೂರು
20 ಅಕ್ಟೋಬರ್ 2024, ಭಾನುವಾರ

ಸರ್,

ನಿಮ್ಮ ಪತ್ರವನ್ನು ಕ್ಲಾಸಿನಲ್ಲಿ ಓದಿದೆ. ಓದುವಾಗ ಗಡಿಬಿಡಿಯಲ್ಲಿ ಹಿಪ್ಪುನೇರಳೆಯ ಸಾಲು ಎರಡು ಸಲ ಓದಿದೆ, ಎಲ್ಲರೂ ನಕ್ಕರು, ಆದರೆ ಪ್ರೊಫೆಸರ್ ನಗಲಿಲ್ಲ. ಇಡೀ ಬ್ಯಾಚಿನಲ್ಲಿ ನಿಜವಾಗಿ ಶುರುವಾಗಿರುವುದು ನನ್ನದೊಂದೇ ಅಂದರು. ಕಾಲೇಜ್ ಮ್ಯಾಗಝೀನಿಗೂ ಬರೆಯಬೇಕಂತೆ, ಜನವರಿಯಲ್ಲಿ ಸೆಮಿನಾರಿನಲ್ಲಿ ಮಾತಾಡಬೇಕಂತೆ. ಇಂಗ್ಲಿಷಿನಲ್ಲಿ. ನನಗೆ ಇಂಗ್ಲಿಷಿನಲ್ಲಿ ಹೆದರಿಕೆ ಆದರೆ ಕನ್ನಡ ಬರುತ್ತದೆ, ಕನ್ನಡದಲ್ಲಿ ಹೆದರಿಕೆ ಆದರೆ ಇಂಗ್ಲಿಷ್. ಹೋಗಲಿ.

ಜೊತೆಗೆ ಹದಿನಾಲ್ಕು ಫಾರಂ ಕಳಿಸಿದ್ದೇನೆ. ಸಹಿ ಹಾಕಿದ ಪ್ರತಿ ಮನೆಯವರೂ ತಮಗೆ ಎಷ್ಟು ತೃಪ್ತಿ ಅಂತ ಒಂದರಿಂದ ಐದರವರೆಗೆ ಅಂಕ ಹಾಕಬೇಕು. ಓದಲು ಬಾರದವರಿಗೆ ನೀವೇ ಕೇಳಿ ಹಾಕಿ. ದಯವಿಟ್ಟು ಯಾರನ್ನೂ ಒತ್ತಾಯಿಸಬೇಡಿ. ಹಾಗಂತ ಒಂದು, ಎರಡು ಬರೆಯಲು ಬಿಡಬೇಡಿ. ಅಯ್ಯೋ, ಇಲ್ಲ, ಬಿಡಿ. ನಿಜ ಬರೆಯಲಿ.

ಪಾಷಾ ಅವರ ಒಂದು ಫೋಟೋ ಬೇಕು, ಮಕ್ಕಳ ಜೊತೆ.

ಅನು

*

ಮಂಗಳೂರು
10 ನವೆಂಬರ್ 2024, ಭಾನುವಾರ

ಸರ್,

ಮೂರು ವಾರ ಆಯಿತು, ನಿಮ್ಮಿಂದ ಒಂದು ಸಾಲೂ ಇಲ್ಲ. ಆರೋಗ್ಯವಾಗಿದ್ದೀರಾ? ಪತ್ರ ಕಳೆದುಹೋಯಿತಾ? ನನ್ನ ಫಾರಂ ನೋಡಿ ಬೇಜಾರಾಯಿತಾ? ಅಂಕ ಹಾಕಿಸುವುದು ಹುಡುಗಾಟ ಅನ್ನಿಸಿತಾ? ಹಾಗಿದ್ದರೆ ಫಾರಂ ಹರಿದುಹಾಕಿ, ಪತ್ರ ಮಾತ್ರ ಬರೆಯಿರಿ.

ಇನ್ನೊಂದು ವಿಷಯ. ಅಪ್ಪ ನನ್ನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ. ಮೊದಲೂ ಹೆಚ್ಚು ಮಾತಾಡುತ್ತಿರಲಿಲ್ಲ, ಆದರೆ ಹುಳು ಪೊರೆ ಬಿಡಲು ಎಷ್ಟನೇ ಜ್ವರಕ್ಕೆ ಮಲಗಿವೆ, ಸೊಪ್ಪು ಸಾಲುತ್ತಾ ಅಂತ ಹೇಳುತ್ತಿದ್ದರು. ನಾಲ್ಕನೇ ಜ್ವರದಿಂದ ಹುಳು ಎದ್ದಿವೆ ಅಂದರೆ ಅವರ ದನಿಯೇ ಬೇರೆ ಇರುತ್ತಿತ್ತು. ಈಗ ಬೆಳೆ ಹೇಗಾಯಿತು ಅಂದರೆ "ಆಯ್ತು" ಅನ್ನುತ್ತಾರೆ. ಗೂಡು ಯಾವ ರೇಟಿಗೆ ಹೋಯಿತು ಅಂದರೆ "ಹೋಯ್ತು" ಅನ್ನುತ್ತಾರೆ. ಫೋನು ಅಜ್ಜಿಯ ಕೈಗೆ ಹೋಗುತ್ತದೆ. ದೀಪಾವಳಿಗೆ ಬರಲಿಲ್ಲ ಅಂತ ಸಿಟ್ಟಿರಬೇಕು. ಇಂಟರ್ನಲ್ಸ್ ಪರೀಕ್ಷೆ ಇತ್ತು ಸರ್, ಬೇಕಂತ ತಪ್ಪಿಸಿದ್ದಲ್ಲ. ನೀವು ಒಂದು ಮಾತು ಹೇಳಿ.

ಅನು

*

ಮುದ್ದನದೊಡ್ಡಿ
18 ನವೆಂಬರ್ 2024

ಅನುಗೆ,

ಆರೋಗ್ಯವಾಗಿದ್ದೇನೆ. ಫಾರಂ ಕಳಿಸಿದ್ದೇನೆ. ಎಲ್ಲರೂ ಐದು ಹಾಕಿದ್ದಾರೆ. ಒಬ್ಬರೂ ನಾಲ್ಕು ಹಾಕಲಿಲ್ಲ. ಈ ಊರಿನವರೆಲ್ಲ ಒಂದೇ ಮಾತು ಹೇಳಿದ್ದನ್ನು ನನ್ನ ಇಪ್ಪತ್ತಾರು ವರ್ಷದ ಸರ್ವಿಸಿನಲ್ಲಿ ಇದೇ ಮೊದಲು ನೋಡಿದ್ದು.

ಪಾಷಾ ಫೋಟೋಗೆ ಒಪ್ಪಲಿಲ್ಲ. ಕೆಹಕಶಾನ್ ಪಾಠ ಚೆನ್ನಾಗಿ ನಡೆದಿದೆ. ಆರು ಮನೆಯವರು ಈಗ ವ್ಯಾನಿನ ಮಾತು ಎತ್ತುವುದಿಲ್ಲ.

ನಿಮ್ಮಪ್ಪನಿಗೆ ನಿನ್ನ ಮೇಲೆ ಸಿಟ್ಟಿಲ್ಲ. ಓದಿನ ಕಡೆ ಗಮನ ಕೊಡು.

ಪುಟ್ಟಲಿಂಗಯ್ಯ

*

ಮಂಗಳೂರು
1 ಡಿಸೆಂಬರ್ 2024, ಭಾನುವಾರ

ಸರ್,

ನಿಮಗೆ ಗೊತ್ತಿತ್ತಾ?

ಇವತ್ತು ಅಜ್ಜಿ ಫೋನಿನಲ್ಲಿ ಬೇರೇನೋ ಹೇಳುತ್ತಾ ಬಾಯಿ ಬಿಟ್ಟಳು. ಅವಳು ಹೇಳಿದ ಹಾಗೇ ಬರೆಯುತ್ತೇನೆ. "ನಿಮ್ಮಪ್ಪ ಮೂರ್ ಬೆಳೇನೂ ಪಾಷಣ್ಣನ ಮೊದಲ್ನೇ ಕೂಗಿಗೇ ಕೊಟ್ಬುಟ್ಟ ಕಣವ್ವ. ಪಕ್ಕದ ಊರೋರು ಬೇಡ ಅಂದು ಎರಡ್ನೇ ಕೂಗಿಗೆ ನಿಂತ್ಕೊಂಡು ಒಳ್ಳೇ ರೇಟು ತಕ್ಕಂಡ್ರು. ನಮ್ ದೊಡ್ಡಿಯೋರು ಒಬ್ರೂ ಬೇಡ ಅಂದಿಲ್ಲ. ಮಕ್ಳಿಗೆ ಮಿಸ್ ಕಳ್ಸವ್ರೆ, ಅವ್ರ ಮುಖದ್ಮೇಲೆ ಹೆಂಗೆ ಬೇಡ ಅನ್ನಾದು ಅಂತಾನೆ ನಿಮ್ಮಪ್ಪ." ಆಮೇಲೆ "ನಾನು ಹೇಳ್ದೆ ಅಂತ ಹೇಳ್ಬೇಡ" ಅಂದು ಇಟ್ಟಳು.

ಅಂದರೆ ಕೆಹಕಶಾನ್ ಮಿಸ್ಸಿನ ಸಂಬಳ ಪಾಷಾ ಕೊಡುತ್ತಿಲ್ಲ. ನಮ್ಮಪ್ಪ ಕೊಡುತ್ತಿದ್ದಾರೆ. ನಮ್ಮ ದೊಡ್ಡಿಯವರೆಲ್ಲ ಕೊಡುತ್ತಿದ್ದಾರೆ. ಒಬ್ಬ ಟೀಚರನ್ನು ಕಳಿಸಿ ಇಡೀ ಊರಿನ ಗೂಡನ್ನು ಅಗ್ಗಕ್ಕೆ ಎತ್ತುವ ಪ್ಲಾನು ಅದು. ನಾನು ಅದನ್ನು ಕ್ಲಾಸಿನಲ್ಲಿ ಎದ್ದು ನಿಂತು ಓದಿದ್ದೇನೆ.

ಪಾಷಾ ಅವರಿಗೆ ನೇರವಾಗಿ ಬರೆದೆ. "ನೀವು ದಾನದ ಹೆಸರಿನಲ್ಲಿ ವ್ಯಾಪಾರ ಮಾಡುತ್ತಿದ್ದೀರಿ, ನಾಚಿಕೆಯಾಗಬೇಕು" ಅಂತ ಬರೆದೆ. ಇನ್ನೂ ಎರಡು ಸಾಲು ಇಂಗ್ಲಿಷಿನಲ್ಲಿ ಬರೆದೆ, ಅವು ಇನ್ನೂ ಕೆಟ್ಟದಾಗಿದ್ದವು. ಪೋಸ್ಟ್ ಡಬ್ಬಿಗೆ ಹಾಕಿದ ಮೇಲೆ ವಾಪಸ್ ತೆಗೆಯಬೇಕು ಅನ್ನಿಸಿತು. ಡಬ್ಬಿಯ ಬಾಯಲ್ಲಿ ಕೈ ಹಾಕಿ ನೋಡಿದೆ, ಬೆರಳು ಮಾತ್ರ ಹೋಗುತ್ತದೆ. ಸರ್, ಅವರು ಕೆಹಕಶಾನ್ ಮಿಸ್ಸನ್ನು ಬಿಡಿಸಿಬಿಟ್ಟರೆ? ಆದರೂ ಬರೆದದ್ದು ಸರಿ ತಾನೇ?

ನೀವು ಯಾಕೆ ನನಗೆ ಹೇಳಲಿಲ್ಲ?

ಅನು

*

ಮುದ್ದನದೊಡ್ಡಿ
9 ಡಿಸೆಂಬರ್ 2024

ಅನುಗೆ,

ಗೊತ್ತಿತ್ತು, ಅಕ್ಟೋಬರಿನಿಂದ. ಹೇಳಲಿಲ್ಲ. ಹೇಳಿದರೆ ನೀನು ಇಂಥದ್ದೇ ಒಂದು ಕಾಗದ ಬರೆಯುತ್ತೀ ಅನ್ನುವುದು ಒಂದು ಕಾರಣ. ಹದಿನೇಳು ಮಕ್ಕಳು ಹದಿನೇಳೇ ಇರಲಿ ಅನ್ನುವ ನನ್ನ ಆಸೆ ಇನ್ನೊಂದು. ಎರಡನೆಯದೇ ದೊಡ್ಡದು.

ಶುಕ್ರವಾರ ಪಾಷಾ ಬಂದರು. ಸ್ಕೂಟರ್ ಸ್ಟ್ಯಾಂಡ್ ಕೂಡ ಸರಿಯಾಗಿ ಹಾಕಲಿಲ್ಲ. ಕೂರಿ ಅಂದರೆ ಕೂರಲಿಲ್ಲ. ನಿನ್ನ ಕಾಗದ ನನ್ನ ಮೇಜಿನ ಮೇಲೆ ಹಾಕಿ, "ಓದಿ. ಇಂಗ್ಲಿಷ್ ಭಾಗ ಕೆಹಕಶಾನ್ ಓದಿ ಹೇಳಿದ್ಲು. ಓದ್ವಾಗ ಅತ್ತಳು" ಅಂದರು. ಕೆಹಕಶಾನ್ ಒಳಗಿನ ಕೋಣೆಯ ಬಾಗಿಲಲ್ಲಿ ನಿಂತಿದ್ದರು.

ನಾನು ಶಿವರಾಜುವಿಗೆ ಹೇಳಿ ಕಳಿಸಿದೆ. ಅವನು ಬಂದು ಬಾಗಿಲ ಹೊರಗೇ ನಿಂತ.

ನೀನು ಊರಿನಲ್ಲಿ ಬೆಳೆದದ್ದು ಕಡಿಮೆ, ಮಾರ್ಕೆಟ್ಟಿನ ರೀತಿ ಹೇಳುತ್ತೇನೆ. ಗೂಡು ರಾಶಿ ಹಾಕಿದ ಮೇಲೆ ರೀಲರುಗಳು, ಅಂದರೆ ಪಾಷಾ ತರಹ ನೂಲು ತೆಗೆಯುವವರು, ಬಂದು ಕೈಯಾಡಿಸಿ ನೋಡಿ ಬೆಲೆ ಹಾಕುತ್ತಾರೆ. ಈಗ ಎಲ್ಲ ಮೊಬೈಲಿನಲ್ಲೇ, ಆದರೂ ಬಾಯಲ್ಲಿ ಕೂಗು ಅಂತಲೇ ಉಳಿದಿದೆ. ಒಪ್ಪುವುದು ಬಿಡುವುದು ರೈತನ ಇಷ್ಟ. ಬೇಡ ಅಂದರೆ ಇನ್ನೊಂದು ಸುತ್ತು ಕೂಗುತ್ತಾರೆ. ರೈತನ ಕೈಯಲ್ಲಿರುವುದು ಆ ಒಂದು "ಬೇಡ" ಮಾತ್ರ.

ಪಾಷಾ ಅಂದರು, "ಮೊದಲ್ನೇ ಕೂಗಿಗೆ ಯಾರಾದ್ರೂ ಒಪ್ತಾರಾ ಶಿವರಾಜು? ಒಪ್ಪಲ್ಲ ಅಂತಾನೇ ಕಮ್ಮಿ ಹಾಕೋದು. ಎಲ್ರೂ ಹಂಗೇ ಹಾಕ್ತಾರೆ. ಬೇಡ ಅನ್ನೋಕೆ ನಿಂಗೆ ಬಾಯಿಲ್ವಾ?"

ನಾನು ಕೇಳಿದೆ: "ಇಡೀ ದೊಡ್ಡಿಯವರು ಮೊದಲ ಕೂಗಿಗೇ ಒಪ್ಪಿದಾಗ ಯಾಕೆ ಅಂತ ನೀವು ಕೇಳಬೇಕಿತ್ತಲ್ಲ, ಪಾಷಾ ಅವರೇ?"

ಅವರು ಮೇಜಿನ ಮೇಲಿನ ನಿನ್ನ ಕಾಗದ ಎತ್ತಿ ಮಡಿಸಿದರು. "ಕೇಳಬೇಕಿತ್ತು. ಕೇಳಲಿಲ್ಲ. ವ್ಯಾಪಾರದೋನು ಮೇಷ್ಟ್ರೇ ನಾನು. ಸಸ್ತಾ ಸಿಕ್ರೆ ಬಾಯಿ ಮುಚ್ಕೋತೀನಿ. ಆದ್ರೆ ಅದಕ್ಕೋಸ್ಕರ ನನ್ ತಂಗಿ ಮಗಳನ್ನ ಬಿಸಿಲಲ್ಲಿ ನಡೆಸ್ಲಿಲ್ಲ" ಅಂದರು. ಎರಡೂ ನಿಜ ಅಂತ ನನಗೆ ಅನ್ನಿಸಿತು.

ಆಮೇಲೆ ಸಿಟ್ಟಿನಲ್ಲಿ, "ಇನ್ಮೇಲೆ ಈ ದೊಡ್ಡಿ ಗೂಡು ನಾನು ಮುಟ್ಟಲ್ಲ, ಸರೀನಾ?" ಅಂದರು.

ಅಷ್ಟು ಹೊತ್ತಿಗೆ ಶಿವರಾಜು ಬಾಯಿ ತೆರೆದ. "ಹಂಗನ್ಬೇಡಿ ಪಾಷಣ್ಣ. ನೀವು ಕೂಗ್ಲಿಲ್ಲ ಅಂದ್ರೆ ಮಿಕ್ಕೋರು ಇನ್ನೂ ಇಳಿಸ್ತಾರೆ."

"ಮತ್ತೆ ಏನ್ ಮಾಡ್ಬೇಕಯ್ಯ ನಾನು? ಕೊಂಡ್ರೂ ತಪ್ಪು, ಬಿಟ್ರೂ ತಪ್ಪು."

ಯಾಕೆ ಬೇಡ ಅನ್ನಲಿಲ್ಲ ಅಂತ ನಾನು ಶಿವರಾಜುವನ್ನು ಎರಡು ಸಲ ಕೇಳಿದ ಮೇಲೆ ಹೇಳಿದ: "ಕಾಗದದಲ್ಲಿ ಐತಲ್ಲ ಮೇಷ್ಟ್ರೇ. ನೀವೇ ಎರಡ್ಸಲ ಓದುದ್ರಿ. ನಮ್ ಅನು ಬರೆದವ್ಳೆ, ನಾನು ಸಹಿ ಹಾಕಿವ್ನಿ."

ಒಪ್ಪಂದ ತೆಗೆದು ನೋಡಿದೆ. ಆರನೇ ಕಲಮು: "ಪೋಷಕರು ದಾನಿಗಳಿಗೆ ಸದಾ ಕೃತಜ್ಞರಾಗಿರತಕ್ಕದ್ದು. ಅವರ ಯಾವುದೇ ಮಾತಿಗೆ ಎದುರಾಡತಕ್ಕದ್ದಲ್ಲ." ನಾನೇ ಗಟ್ಟಿಯಾಗಿ ಓದಿದ್ದೆ, ಅನು. ಕಿವಿಗೆ ಏನೂ ತಾಗಿರಲಿಲ್ಲ.

ಪಾಷಾ ಸ್ಕೂಟರ್ ಹತ್ತಿ ಹೊರಟುಹೋದರು. ಇವತ್ತು ಕೆಹಕಶಾನ್ ಬಂದಿದ್ದಾರೆ. ಮುಂದೆ ಏನೋ, ಗೊತ್ತಿಲ್ಲ.

ಪುಟ್ಟಲಿಂಗಯ್ಯ

*

ಮಂಗಳೂರು
15 ಡಿಸೆಂಬರ್ 2024, ಭಾನುವಾರ

ಸರ್,

ಆರನೇ ಕಲಮು ನನ್ನದಲ್ಲ. ಹಾಗಂದರೆ ಸುಳ್ಳಾಗುತ್ತದೆ, ನಾನೇ ಬರೆದದ್ದು, ಆದರೆ ನನಗೆ ಅದು ಕಾಣಲೇ ಇಲ್ಲ. ಹಾಸ್ಟೆಲ್ ಶಾಲೆಯ ಫಾರಂನಲ್ಲಿ ಅದು ಎರಡನೇ ಸಾಲು. ಆರನೇ ಕ್ಲಾಸಿಗೆ ಸೇರುವಾಗ ಅಪ್ಪ ಸಹಿ ಹಾಕಿದ್ದ ಫಾರಂ. ಅಲ್ಲಿ ವರ್ಷಕ್ಕೊಮ್ಮೆ ದಾನಿಗಳು ಬರುತ್ತಿದ್ದರು. ನಾವು ಒಗೆದ ಯೂನಿಫಾರಂ ಹಾಕಿ ಸಾಲಾಗಿ ನಿಲ್ಲುತ್ತಿದ್ದೆವು. ಅವರು ಏನು ಕೇಳಿದರೂ "ಯೆಸ್ ಸರ್, ಥ್ಯಾಂಕ್ಯೂ ಸರ್" ಅನ್ನಬೇಕು. ಒಂದು ಸಲ ಒಬ್ಬರು ನನ್ನ ಕೂದಲು ಮುಟ್ಟಿ ನೋಡಿ ಎಣ್ಣೆ ಜಾಸ್ತಿಯಾಯಿತು ಅಂದರು. ನಾನು ಥ್ಯಾಂಕ್ಯೂ ಸರ್ ಅಂದೆ. ಏಳು ವರ್ಷ. ಹಾಗಾಗಿ ಆ ಸಾಲನ್ನು ಕಾಪಿ ಮಾಡುವಾಗ ಕೈ ಒಂದು ಕ್ಷಣವೂ ನಿಲ್ಲಲಿಲ್ಲ. ಒಪ್ಪಂದ ಅಂದರೆ ಹಾಗೇ ಇರುತ್ತದೆ ಅಂದುಕೊಂಡಿದ್ದೆ.

ಅಪ್ಪ ಮೂರು ಬೆಳೆಯ ಗೂಡು ಕೊಟ್ಟದ್ದು ನನ್ನ ಆ ಒಂದು ಸಾಲಿಗೆ. ಅವರಿಗೆ ದೀಪಾವಳಿಯ ಸಿಟ್ಟು ಅಂದುಕೊಂಡು ಕೂತಿದ್ದೆ ನಾನು.

ಪ್ರೊಫೆಸರಿಗೆ ಎಲ್ಲ ಹೇಳಿದೆ. ಹದಿನಾಲ್ಕು ಐದುಗಳನ್ನು ವಾಪಸ್ ತೆಗೆದುಕೊಳ್ಳುತ್ತೇನೆ ಅಂದೆ. ಮತ್ತೆ ಬರೆದು ಕೊಡು ಅಂದರು. ಸೆಮಿನಾರಿಗೆ ಬೇರೆಯವಳ ಹೆಸರು ಹೋಯಿತು. ಅವಳದು ಬಣ್ಣ ಬಳಿದ ಶಾಲೆ. ಪಾಷಾ ಅವರಿಗೂ ಕೆಹಕಶಾನ್ ಮಿಸ್ಸಿಗೂ ಕ್ಷಮೆ ಕೇಳಿ ಬೇರೆ ಬೇರೆ ಬರೆದೆ, ಉತ್ತರ ಇಲ್ಲ.

ಹೊಸ ಒಪ್ಪಂದ ಬರೆಯಲು ಕೂತೆ. "ಪೋಷಕರು ಮಾರ್ಕೆಟ್ಟಿನಲ್ಲಿ ತಮಗೆ ಬೇಕಾದಂತೆ ಬೇಡ ಅನ್ನತಕ್ಕದ್ದು" ಅಂತ ಬರೆದು ಹೊಡೆದುಹಾಕಿದೆ. ಅದನ್ನು ಓದಿದರೆ ಅಪ್ಪ ಖಂಡಿತ ಬೇಡ ಅನ್ನುತ್ತಾರೆ, ಸರ್. ನಾನು ಬರೆದಿದ್ದೇನೆ ಅಂತಲೇ ಅನ್ನುತ್ತಾರೆ. ಆಗ ಏನು ಬದಲಾಯಿತು? ಅದಕ್ಕೆ ಏಳೇ ಕಲಮು ಕಳಿಸಿದ್ದೇನೆ. ಆರನೆಯದರ ಜಾಗದಲ್ಲಿ ಏನೂ ಇಲ್ಲ. ಅದು ಇನ್ನು ಇಲ್ಲ ಅಂತ ಮಾತ್ರ ಅಪ್ಪನಿಗೆ ಹೇಳಿ. ಮುಂದಿನದು ಏನೂ ಹೇಳಬೇಡಿ. ನಾನೂ ಫೋನಿನಲ್ಲಿ ಹೇಳುವುದಿಲ್ಲ. ಹೇಳದೆ ಇರುವುದು ಎಷ್ಟು ಕಷ್ಟ ಅಂತ ನಿಮಗೆ ಗೊತ್ತಲ್ಲ.

ಅಪ್ಪ ಬೇಡ ಅಂದರೆ ಪಾಷಾ ಅವರಿಗೆ ಸಿಟ್ಟು ಬರುತ್ತದೆ. ಸಿಟ್ಟು ಬಂದರೆ ಮಿಸ್ ಬರುವುದು ನಿಲ್ಲುತ್ತದೆ. ಮಿಸ್ ಬರದಿದ್ದರೆ ಏಳು ಮಕ್ಕಳು ವ್ಯಾನ್ ಹತ್ತುತ್ತಾರೆ. ಬೇಡ ಅನ್ನದಿದ್ದರೆ ಎಲ್ಲ ಹೀಗೇ. ಯಾವುದು ಆಗಲಿ ಅಂತ ಬೇಡಿಕೊಳ್ಳಬೇಕೋ ನನಗೆ ತಿಳಿಯುತ್ತಿಲ್ಲ.

ಅನು

*

ಮುದ್ದನದೊಡ್ಡಿ
23 ಡಿಸೆಂಬರ್ 2024, ಸೋಮವಾರ, ಬೆಳಿಗ್ಗೆ ಹತ್ತು ಗಂಟೆ

ಅನುಗೆ,

ಮಕ್ಕಳಿಗೆ ಕಾಪಿ ಬರೆಯಲು ಕೊಟ್ಟು ಇದನ್ನು ಬರೆಯುತ್ತಿದ್ದೇನೆ. ಕೆಹಕಶಾನ್ ಇನ್ನೂ ಬಂದಿಲ್ಲ. ಒಂಬತ್ತೂವರೆಗೆ ಬಂದುಬಿಡುತ್ತಿದ್ದರು. ನಿನಗೆ ಸಮಾಧಾನದ ಮಾತು ಬರೆಯಬೇಕು ಅಂತ ಕೂತೆ, ಕಣ್ಣು ಕಿಟಕಿ ಬಿಟ್ಟು ಬರುತ್ತಿಲ್ಲ.

ಶನಿವಾರದ ಸುದ್ದಿ ಹೇಳುತ್ತೇನೆ. ನಿನ್ನ ಏಳು ಕಲಮನ್ನು ಗುರುವಾರ ಶಿವರಾಜುವಿಗೆ ತೋರಿಸಿದೆ. ಆರನೆಯದು ಹೋಯಿತು ಅಂದೆ. "ಯಾಕೆ?" ಅಂದ. "ಅನು ತೆಗೆದಳು" ಅಂದೆ. ಬೇರೇನೂ ಕೇಳಲಿಲ್ಲ. ಶುಕ್ರವಾರ ಸಂಜೆ ಬಂದು, "ನಾಳೆ ಗೂಡು ಮಾರ್ಕೆಟ್ಗೆ ಹೊಡೀತೀನಿ, ನೀವೂ ಬನ್ನಿ ಮೇಷ್ಟ್ರೇ, ಸುಮ್ನೆ" ಅಂದ. ಹಿಂದೆಂದೂ ಕರೆದವನಲ್ಲ.

ಹೋದೆ. ಗೂಡು ಚೆನ್ನಾಗಿತ್ತು. ಬಂದವರೆಲ್ಲ ಒಂದೊಂದು ಹಿಡಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ ಹೋದರು. ಪಾಷಾ ಕೂಡ ಬಂದು ನೋಡಿದರು, ನಮ್ಮ ಮುಖ ನೋಡಲಿಲ್ಲ. ಮೊದಲ ಸುತ್ತಿನಲ್ಲಿ ಮೇಲೆ ನಿಂತದ್ದು ಅವರದೇ ಬೆಲೆ. ಒಪ್ಪಿಗೆನಾ ಅಂತ ಮಾರ್ಕೆಟ್ ಸಿಬ್ಬಂದಿ ಕೇಳಿದ. ಶಿವರಾಜು ರಾಶಿಯ ಅಂಚಿನ ಗೂಡನ್ನು ಒಳಗೆ ತಳ್ಳುತ್ತಿದ್ದ. ಸಿಬ್ಬಂದಿ ಇನ್ನೊಂದು ಸಲ ಕೇಳಿದ. ಹಿಂದಿನ ರಾಶಿಯವನು, "ಏನ್ಲಾ, ಗೂಡಿನೊಳಗೆ ನೀನೇ ಸೇರ್ಕಂಡ್ಯಾ?" ಅಂದ, ಒಂದಿಬ್ಬರು ನಕ್ಕರು.

"ಬ್ಯಾಡ" ಅಂದ ನಿಮ್ಮಪ್ಪ.

ನನಗೇ ಸರಿಯಾಗಿ ಕೇಳಿಸಲಿಲ್ಲ. ಆದರೆ ಎರಡು ರಾಶಿ ಆಚೆಯಿದ್ದ ಪಾಷಾಗೆ ಕೇಳಿಸಿತು. ತಿರುಗಿ, "ಏನ್ ಶಿವರಾಜು, ಬೇಡ್ವಾ?" ಅಂದರು.

"ಬ್ಯಾಡ ಕಣ್ ಪಾಷಣ್ಣ. ಕಮ್ಮಿಯಾಯ್ತು."

ಎರಡನೇ ಸುತ್ತಿನಲ್ಲಿ ಗೂಡು ಬೇರೆ ಒಬ್ಬ ರೀಲರಿಗೆ ಹೋಯಿತು, ಒಳ್ಳೆಯ ಬೆಲೆಗೇ. ಪಾಷಾ ಬೆಲೆ ಏರಿಸಿ ನೋಡಿದ್ದರು, ಸಾಲಲಿಲ್ಲ. ಅವತ್ತು ಅವರಿಗೆ ಒಳ್ಳೆಯ ಗೂಡು ಬೇರೆಲ್ಲೂ ಸಿಗಲಿಲ್ಲವಂತೆ. ಗೇಟಿನ ಹತ್ತಿರ ಚಹಾಕ್ಕೆ ಕರೆದೆ. ಕೈ ಅಡ್ಡ ಆಡಿಸಿ ಹೊರಟುಹೋದರು. ನಮ್ಮ ದೊಡ್ಡಿಯ ಇನ್ನಿಬ್ಬರು ಅವತ್ತು ಗೂಡು ತಂದಿದ್ದರು. ಅವರೂ ಬೇಡ ಅಂದರು, ಶಿವರಾಜುವಿಗಿಂತ ಬಹಳ ಗಟ್ಟಿಯಾಗಿ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಶಿವರಾಜು ಒಂದೇ ಮಾತು ಕೇಳಿದ. "ಮಿಸ್ಸು ಸೋಮವಾರ ಬತ್ತಾರಾ ಮೇಷ್ಟ್ರೇ?" ನನಗೆ ಗೊತ್ತಿರಲಿಲ್ಲ.

ಈಗ ಹತ್ತೂ ಕಾಲು. ನಿಮ್ಮಪ್ಪ ಬೆಳಿಗ್ಗೆ ಒಂಬತ್ತರಿಂದ ಶಾಲೆಯ ಮುಂದೆ ಇದ್ದಾನೆ. ಗೂಡು ಕಟ್ಟಿಸುವ ಬಿದಿರಿನ ಚಂದ್ರಿಕೆಗಳನ್ನು ತೊಳೆದು ತಂದು ನಮ್ಮ ಕಾಂಪೌಂಡಿಗೆ ಒರಗಿಸಿ ಒಣಗಿಸುತ್ತಿದ್ದಾನೆ. ಒಂದನ್ನೇ ನಾಲ್ಕು ಸಲ ತಿರುಗಿಸಿದ್ದನ್ನು ನೋಡಿದೆ. ನಿಮ್ಮಜ್ಜಿ ಒಂದು ಸಲ ಬಂದು, "ಮನೆ ಮುಂದೆ ಜಾಗ ಇಲ್ವೇನ್ಲಾ ನಿಂಗೆ?" ಅಂದು ಬೈದು ಹೋದರು. ವ್ಯಾನಿಗೆ ಹೋಗುತ್ತೇವೆ ಅಂದಿದ್ದ ಏಳರಲ್ಲಿ ಇಬ್ಬರ ತಾಯಂದಿರೂ ಏನೋ ನೆಪ ಮಾಡಿಕೊಂಡು ದಾರಿಯಲ್ಲಿ ನಿಂತಿದ್ದಾರೆ.

ಹತ್ತು ಮೂವತ್ತೈದು. ಬಂದರು. ದೂಳು ಮೆತ್ತಿದ ಚಪ್ಪಲಿ, ಬೆವರು. ನಾನು ಎದ್ದು ಹೋಗಿ, "ಯಾಕಮ್ಮ ಇಷ್ಟು ಹೊತ್ತು?" ಅಂದೆ.

"ಚನ್ನಪಟ್ಟಣದಲ್ಲಿ ಬಸ್ಸೇ ಹೊರಡಲಿಲ್ಲ ಸರ್. ಟೈರು."

"ಮಾವ ಏನಂದರು?"

"ಬೈದ್ರು. ಶನಿವಾರದಿಂದ ಬೈತಾನೇ ಇದಾರೆ. ಶಿವರಾಜಣ್ಣನ್ನ, ನಿಮ್ಮನ್ನ, ಮಂಗಳೂರಿನ ಆ ಹುಡುಗೀನ, ಒಬ್ಬೊಬ್ಬರನ್ನೇ ಸರದಿ ಮೇಲೆ."

"ನಿನ್ನನ್ನು?"

"ನನ್ನ ಯಾಕೆ ಬೈತಾರೆ? ನಾನೇನು ಗೂಡು ಮಾರಿದ್ನಾ?" ಅಂದು ಒಳಗೆ ಹೋದರು. ಈಗ ಒಳಗಿನಿಂದ ಗದ್ದಲ ಕೇಳುತ್ತಿದೆ. ನಿನ್ನ ಕ್ಷಮೆಯ ಕಾಗದದ ಮಾತು ಅವರು ಎತ್ತಲಿಲ್ಲ. ನಾನೂ ಕೇಳಲಿಲ್ಲ. ಅದು ನಿನ್ನದು, ಕಾಯಿ.

ಶಿವರಾಜು ಚಂದ್ರಿಕೆಗಳನ್ನು ಒಂದರ ಮೇಲೊಂದು ಜೋಡಿಸಿ ತಲೆಗೆ ಹೊತ್ತುಕೊಂಡ.

"ಒಣಗಿದವೇನಯ್ಯ?" ಅಂದೆ.

"ಈ ಗೋಡೆಗೆ ಮಧ್ಯಾಹ್ನದಗಂಟ ಎಲ್ಲಿ ಬಿಸ್ಲು ಬತ್ತೈತೆ ಮೇಷ್ಟ್ರೇ" ಅಂದು ಮನೆ ಕಡೆ ಹೊರಟ.

ಪುಟ್ಟಲಿಂಗಯ್ಯ